ಗೆರಟೆಯೊಳಗೆ ಬಾಣಂತನ

ಕಾಸರಗೋಡಿನ ಬದಿಯಡ್ಕದ ಕಡೆ ತೆಂಗಿನ ಗೆರಟೆಗೆ ಬರ ಇಲ್ಲ. ಒಲೆಗೆ ಹಾಕಿದಷ್ಟೂ ಮುಗಿಯುವುದಿಲ್ಲ. ಅದರಲ್ಲಿ ಒಂದನ್ನು ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ ಕುದಿಸಿ, ಅಂಚಿನಲ್ಲಿ ಒಂದು ಬಾಗಿಲು ಕೊರೆದು, ಅಕ್ವೇರಿಯಂನಲ್ಲಿ ಬೋರಲು ಹಾಕಿದರೆ ಕ್ರಿಬೆನ್ಸಿಸ್ ಅನ್ನುವ ಮೀನಿನ ಜೋಡಿ ಸಂಸಾರ ಹೂಡುತ್ತದೆ. ಮೂಲ ಊರು ನೈಜೀರಿಯಾದ ದಕ್ಷಿಣದ ಹೊಳೆಗಳು. ಗಂಡು ಸುಮಾರು ಹತ್ತು ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ಗಿಡ್ಡ. ಆದರೆ ಮನೆಯ ಯಜಮಾನಿಕೆ ಯಾರದ್ದು ಅಂತ ನಮಗೆ ಬೇಗ ಗೊತ್ತಾಯಿತು.

ಕ್ರಿಬೆನ್ಸಿಸ್ ಒಂದು ಸಿಕ್ಲಿಡ್, ಸಿಕ್ಲಿಡ್ ಅಂದರೆ ಕರಿಮೀನಿನ ಕುಟುಂಬವೇ, 2010ರಲ್ಲಿ ಕೇರಳದ ರಾಜ್ಯ ಮೀನು ಆಯಿತಲ್ಲ, ಅದೇ ಕರಿಮೀನು ಅಂತ ನಮ್ಮ ಮನೆಗೆ ಮೀನು ತರುವವರಿಗೆ ವಿವರಿಸಿದೆ. ಅವರು ಗಾಜಿಗೆ ಮೂಗು ತಾಗಿಸಿ ನೋಡಿ, "ಇದನ್ನು ಕಾಯಿಸಿದ್ರೆ ಮಸಾಲೆಗೇ ನಷ್ಟ" ಅಂದರು.

ಇವುಗಳಲ್ಲಿ ವರನನ್ನು ಒಪ್ಪಿಸುವ ಕೆಲಸ ಹೆಣ್ಣಿನದ್ದು. ಹೊಟ್ಟೆ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ಮೈ ಬಾಗಿಸಿ ಗಂಡಿನ ಎದುರು ನಡುಗುತ್ತಾ ನಿಲ್ಲುತ್ತದೆ. ಗೆರಟೆಯ ಮಾಡಿಗೆ ಮೊಟ್ಟೆ ಅಂಟಿಸಿದ್ದೇ ತಡ, ಅದೇ ಗಂಡನಿಗೆ ಒಳಗೆ ಪ್ರವೇಶ ಇಲ್ಲ, ಹೊರಗೆ ಕಾವಲು ಮಾತ್ರ! ಹತ್ತಿರ ಬಂದರೆ ಅಟ್ಟಿಸಿಕೊಂಡು ಫಿಲ್ಟರಿನ ಹಿಂದಕ್ಕೆ ಸೇರಿಸುತ್ತದೆ. ಅಲ್ಲಿಗೆ ನಮ್ಮ ಮನೆಯಲ್ಲಿ ಎರಡು ಪಕ್ಷ ಆಯಿತು.

"ಬಾಣಂತಿ ಕೋಣೆಯಲ್ಲಿ ಗಂಡಸರಿಗೆ ಎಂತ ಕೆಲಸ?" ಅಂತ ಅಮ್ಮ.

ಅಪ್ಪ ವಾದಕ್ಕೆ ಹೋಗಲಿಲ್ಲ. ಯಾರೂ ಇಲ್ಲದಾಗ ಪಾಪದ ಗಂಡಿಗೆ ಅಂತ ಚಿಟಿಕೆ ಚಿಟಿಕೆ ಫುಡ್ ಹಾಕಿದರು. ಅದು ತಿಂದದ್ದು ಸ್ವಲ್ಪ, ಉಳಿದದ್ದು ಕೊಳೆತು ನೀರು ಬಿಳಿ ಬಿಳಿ. ನೀರು ಬದಲಾಯಿಸಲು ಕೈ ಹಾಕಿದರೆ ಬಾಣಂತಿ ಬಂದು ಬೆರಳಿಗೇ ಕಚ್ಚಿತು. ನೋವೇನೂ ಆಗಲಿಲ್ಲ, ಬೆಚ್ಚಿ ಬಿದ್ದದ್ದಕ್ಕೆ ಬಕೆಟ್ ಉರುಳಿ ಅಪ್ಪನ ಪೇಪರು ಮಾತ್ರ ಪೂರ್ತಿ ಒದ್ದೆ. ಸರಿಯಾಯ್ತು ಅಂತ ಅಮ್ಮ ನಕ್ಕರು.

ಮೊಟ್ಟೆ ಒಡೆಯಲು ಮೂರು ದಿನ ಸಾಕು, ಮರಿ ಈಜಲು ಇನ್ನೂ ನಾಲ್ಕೈದು ದಿನ. ಅಷ್ಟರಲ್ಲಿ ಅವಕ್ಕೆ ತಿನ್ನಲು ಬ್ರೈನ್ ಶ್ರಿಂಪ್ ಅನ್ನುವ ಉಪ್ಪುನೀರಿನ ಪುಟಾಣಿ ಜೀವಿ ಬೇಕು. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗೆ ಕಟ್ಟಿ, ಉಪ್ಪುನೀರು ತುಂಬಿ, ಪುಡಿಯಂತಿರುವ ಅದರ ಮೊಟ್ಟೆ ಹಾಕಿ, ಪೈಪಿನಲ್ಲಿ ಗಾಳಿ ಬಿಟ್ಟೆ. ಇಡೀ ದಿನ ಬುಳುಬುಳು. ಮರುದಿನಕ್ಕೆ ಕೇಸರಿ ಬಣ್ಣ. ಮುಳ್ಳುಸೌತೆ ಕೊಡಲು ಬಂದ ಪಕ್ಕದ ಮನೆಯವರು ಅಡುಗೆಮನೆಯ ಕಿಟಕಿಯಲ್ಲಿ ನೇತಾಡುತ್ತಿದ್ದ ಬಾಟಲಿಯನ್ನು ನೋಡಿ ಸ್ವರ ತಗ್ಗಿಸಿದರು.

"ಗೇರುಹಣ್ಣಿನದ್ದಾ?"

"ಅಲ್ಲ, ಮರಿಗಳಿಗೆ."

"ಆಯ್ತು ಆಯ್ತು. ಎಷ್ಟು ದಿನ ಬೇಕು ಇದಕ್ಕೆ?"

"ಒಂದು ದಿನ ಸಾಕು."

"ಒಂದೇ ದಿನವಾ!" ಅಂದವರು ಕತ್ತಲಾದ ಮೇಲೆ ಸ್ಟೀಲ್ ಲೋಟ ಹಿಡಿದುಕೊಂಡೇ ಬಂದರು. ಟಾರ್ಚ್ ಹಾಕಿ ಒಳಗೆ ಕುಣಿಯುವ ಹುಳಗಳನ್ನು ತೋರಿಸಿದ ಮೇಲೆ ಈಗ ನಮ್ಮಲ್ಲಿ ಚಾ ಕುಡಿಯಲಿಕ್ಕೂ ಯೋಚಿಸುತ್ತಾರೆ.

ಮರಿಗಳು ಹೊರಗೆ ಬಂದ ದಿನ ಅಮ್ಮ ಸೌಟು ಹಿಡಿದುಕೊಂಡೇ ಟ್ಯಾಂಕಿನ ಎದುರು ಕೂತಿದ್ದರು. ಒಂದು ಮರಿ ಗುಂಪು ಬಿಟ್ಟು ಮೂಲೆಗೆ ಹೋಯಿತು. ತಾಯಿ ಬಂದು ಅದನ್ನು ಗುಳುಂ ಅಂತ ಬಾಯಿಗೆ ಹಾಕಿಕೊಂಡಿತು. "ಅಯ್ಯೋ, ನುಂಗಿತು ಮಾರಾಯ!" ಅಂತ ಅಮ್ಮ ಸೌಟಿನಿಂದ ಗಾಜಿಗೆ ಬಡಿದರು. ತಾಯಿ ಹೊಟ್ಟೆಯಡಿಯ ಈಜುರೆಕ್ಕೆಯನ್ನು ಪಟಪಟ ಆಡಿಸಿತು ನೋಡಿ, ಅಷ್ಟೂ ಮರಿಗಳು ಒಟ್ಟಿಗೆ ಮರಳಿಗೆ ಬಿದ್ದವು. ಒಂದೂ ಅಲುಗಾಡುವುದಿಲ್ಲ. ಎಲ್ಲ ಸತ್ತೇ ಹೋಯಿತು, ಇದು ಸೌಟಿನದ್ದೇ ಕೆಲಸ ಅಂತ ಅಪ್ಪ ತೀರ್ಪು ಕೊಟ್ಟರು. ಅಪಾಯದ ಸಿಗ್ನಲ್ ಅದು ಅಂತ ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಗಲಾಟೆ ಮುಗಿದ ಮೇಲೆ ತಾಯಿ ಬಾಯಲ್ಲಿದ್ದ ಮರಿಯನ್ನು ಗೆರಟೆಯ ಬಾಗಿಲಲ್ಲಿ ಥೂ ಅಂತ ಉಗುಳಿತು, ಉಳಿದವು ಏನೂ ಆಗಲೇ ಇಲ್ಲ ಅನ್ನುವಂತೆ ಎದ್ದು ಹೊರಟವು.

ಮಳೆಗಾಲದಲ್ಲಿ ಲೈನಿನ ಮೇಲೆ ಅಡಿಕೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲು. ಆಗ ಗಾಳಿಯ ಪಂಪಿನ ಕೆಲಸ ಅಪ್ಪನದ್ದು, ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಹೊಯ್ಯುವುದು. ಗಂಡು ಮೀನಿನ ಪಕ್ಕದಲ್ಲೇ ಹೊಯ್ಯುತ್ತಾರೆ ಅಂತ ಅಮ್ಮನ ದೂರು.

ಮರಿಗಳು ಸ್ವಲ್ಪ ಬೆಳೆದವು. ಹೆಣ್ಣಿನ ಹೊಟ್ಟೆ ಮತ್ತೆ ಕೆಂಪಾಯಿತು. ಈಗ ಗಂಡ ಹೆಂಡತಿ ಒಟ್ಟಾಗಿ, ಇಷ್ಟು ದಿನ ಬಾಯಲ್ಲಿ ಹೊತ್ತು ಸಾಕಿದ ಮಕ್ಕಳನ್ನೇ ಅಟ್ಟಾಡಿಸಿ ಓಡಿಸಲು ಶುರು ಮಾಡಿದವು. ಇದನ್ನು ಮಾತ್ರ ಅಪ್ಪ ಅಮ್ಮ ಇಬ್ಬರೂ ಒಂದೇ ಪಕ್ಷದಲ್ಲಿ ಕೂತು ನೋಡಿದರು.

"ದೊಡ್ಡದಾದ ಮೇಲೆ ಮನೆಯಿಂದ ಹೊರಗೆ ಹಾಕುದು. ಒಳ್ಳೆ ಕ್ರಮ, ಅಲ್ವಾ?" ಅಂತ ಅಮ್ಮ ನನ್ನ ಕಡೆ ತಿರುಗಿದರು.

ನಾನು ಬಲೆ ಹುಡುಕುವುದರಲ್ಲಿ ತುಂಬಾ ಬ್ಯುಸಿ ಇದ್ದೆ.