ಹದಿನೈದು ಅಂಜನಾದ್ರಿಗಳ ಲೆಕ್ಕ

ಬಳ್ಳಾರಿಯವರಿಗೆ ಗುಡ್ಡ ಹೊಸದಲ್ಲ. ಊರ ನಡುವೆಯೇ ಎರಡು ಬಂಡೆಗುಡ್ಡಗಳನ್ನು ಇಟ್ಟುಕೊಂಡು, ಹಗಲೆಲ್ಲ ಕಾದ ಆ ಕಲ್ಲುಗಳು ರಾತ್ರಿ ಉಗುಳುವ ಬಿಸಿಯಲ್ಲಿ ಮಲಗಿ ಬೇಸಿಗೆ ಕಳೆಯುವ ನಮಗೆ ಗುಡ್ಡ ಹತ್ತುವುದನ್ನು ಯಾರಾದರೂ ಹೇಳಿಕೊಡಲು ಬಂದರೆ ನಗು ಬರುತ್ತದೆ. ಆದ್ದರಿಂದಲೇ, ಪಶ್ಚಿಮ ಘಟ್ಟದ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬೇಕೆಂಬ ಮಾತು ನಮ್ಮ ಸಂಜೆಯ ಚಹಾದ ಬಳಗದಲ್ಲಿ ಎದ್ದಾಗ ಅದು ಚರ್ಚೆಯೇ ಇಲ್ಲದೆ ಅಂಗೀಕಾರವಾಯಿತು. ಚರ್ಚೆ ನಡೆದದ್ದು ದಾರಿಗೆ ಏನು ಕಟ್ಟಿಕೊಂಡು ಹೋಗಬೇಕೆಂಬುದರ ಮೇಲೆ.

ಕುಮಾರ ಪರ್ವತ ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿ, ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿದೆ. ಎತ್ತರ 1,712 ಮೀಟರ್. ಈ ಸಂಖ್ಯೆಗೆ ನಮ್ಮಲ್ಲಿ ಯಾರೂ ಬೆಚ್ಚಲಿಲ್ಲ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಇದೆ, ಅದನ್ನು ತಾನು ಚಪ್ಪಲಿಯಲ್ಲೇ ಹತ್ತಿದ್ದೇನೆ ಎಂದು ಬ್ಯಾಂಕಿನ ಗೆಳೆಯ ಆಣೆ ಮಾಡಿದ. ಮುಳ್ಳಯ್ಯನಗಿರಿಯಲ್ಲಿ ಗಾಡಿ ಶಿಖರದ ಹತ್ತಿರದವರೆಗೆ ಹೋಗುತ್ತದೆ, ಆಮೇಲೆ ಉಳಿಯುವುದು ಮೆಟ್ಟಿಲು ಮಾತ್ರ ಎಂಬುದನ್ನು ಅವನ ಹೆಂಡತಿ ಬಾಯಿಬಿಟ್ಟ ಮೇಲೆ ಸಭೆ ಸ್ವಲ್ಪ ಗಂಭೀರವಾಯಿತು. ಕುಮಾರ ಪರ್ವತದಲ್ಲಿ ಅಂಥ ಔದಾರ್ಯವಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಡುವವರು ಘಟ್ಟದ ಬುಡದಿಂದಲೇ ಕಾಲು ಹಾಕಬೇಕು. ಹೋಗುವ ದಾರಿಯೊಂದೇ ಹದಿಮೂರು ಕಿಲೋಮೀಟರಿನಷ್ಟು, ಅದರಲ್ಲಿ ಏರಬೇಕಾದ ಎತ್ತರ ಸುಮಾರು 1,500 ಮೀಟರ್.

ಇದನ್ನು ನಮಗೆ ಅರ್ಥವಾಗುವ ಅಳತೆಗೆ ಇಳಿಸಿದವರು ಗಣಿತದ ಮೇಷ್ಟ್ರು. ಆನೆಗೊಂದಿಯ ಅಂಜನಾದ್ರಿಗೆ 575 ಮೆಟ್ಟಿಲು. ಒಂದು ಮೆಟ್ಟಿಲಿಗೆ ಆರೇಳು ಅಂಗುಲ ಹಿಡಿದರೆ ಒಟ್ಟು ನೂರು ಮೀಟರಿನ ಆಸುಪಾಸು. ಅಂದರೆ, ಮೇಷ್ಟ್ರು ಬಿಲ್ಲಿನ ಹಿಂಬದಿಯಲ್ಲಿ ಗೀಚಿ ತೋರಿಸಿದಂತೆ, ಒಂದರ ಮೇಲೊಂದು ಹದಿನೈದು ಅಂಜನಾದ್ರಿ. ಒಂದು ಅಂಜನಾದ್ರಿ ಹತ್ತಿ ಇಳಿದ ದಿನ ನಾವೆಲ್ಲ ಗಂಗಾವತಿಯಲ್ಲಿ ಊಟ ಮಾಡಿ, ಕಾರಿನಲ್ಲೇ ನಿದ್ರೆ ಹೋಗಿ, ಮರುದಿನ ಕಚೇರಿಗೆ ರಜೆ ಹಾಕಿದ್ದನ್ನು ಆಗ ಯಾರೂ ನೆನಪಿಸಲಿಲ್ಲ. ಯಾರೋ ಮೆಲ್ಲಗೆ ಇನ್ನೊಂದು ಚಹಾ ಹೇಳಿದರು.

ಅಭ್ಯಾಸ ಬೇಕೆಂದು ತೀರ್ಮಾನವಾಯಿತು. ಒಂದು ಬೆಳಿಗ್ಗೆ ಬಳ್ಳಾರಿ ಗುಡ್ಡದ ಕೋಟೆಗೆ ಹೊರಟೆವು. ಎತ್ತರದ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಈ ಕೋಟೆಯಷ್ಟು ಸ್ಪಷ್ಟವಾಗಿ ಹೇಳುವ ಜಾಗ ಇನ್ನೊಂದಿರಲಾರದು: ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನಿಂದ ಕೋಟೆಯನ್ನು ಬಲಪಡಿಸಿದನೆಂದೂ, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಿದ್ದು ಅಲ್ಲಿಂದ ಕೋಟೆಗೇ ಗುರಿಯಿಡಬಹುದೆಂದು ತಡವಾಗಿ ತಿಳಿದಾಗ ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದೂ ಊರಿನಲ್ಲಿ ಕಥೆಯಿದೆ. ಕಥೆ ನಿಜವೋ ಸುಳ್ಳೋ, ಮೇಷ್ಟ್ರು ಅದನ್ನು ಕೇಳಿದ ಮೇಲೆ ತಮ್ಮ ಬಿಲ್ಲಿನ ಲೆಕ್ಕವನ್ನು ಮತ್ತೊಮ್ಮೆ ಕೂಡಿ ನೋಡಿಕೊಂಡರು.

ಆ ದಿನದ ನಷ್ಟ ಒಂದು ಜೊತೆ ಬೂಟು. ಔಷಧದ ಅಂಗಡಿಯ ಗೆಳೆಯನು ಕಾಲೇಜಿನ ಎನ್.ಸಿ.ಸಿ. ದಿನಗಳಿಂದ ಅಟ್ಟದ ಮೇಲೆ ಭದ್ರವಾಗಿಟ್ಟಿದ್ದ ಬೂಟುಗಳನ್ನು ಹಾಕಿಕೊಂಡು ಬಂದಿದ್ದ. ಬಳಸದೆ ಇಟ್ಟರೆ ಬೂಟಿನ ಅಂಟು ಮತ್ತು ಅಟ್ಟೆ ತಮ್ಮಷ್ಟಕ್ಕೆ ತಾವೇ ಹಳಸಿ ಪುಡಿಯಾಗುತ್ತವೆ ಎಂಬುದು ಔಷಧದ ಮೇಲಿನ ದಿನಾಂಕ ನೋಡಿಯೇ ಮಾರುವ ಅವನಿಗೆ ಹೊಳೆದಿರಲಿಲ್ಲ. ಅರ್ಧ ದಾರಿಯಲ್ಲಿ ಬಲಗಾಲಿನ ಅಟ್ಟೆ ಮೆಟ್ಟಿಲಿನ ಮೇಲೆಯೇ ಉಳಿಯಿತು. ಅವನು ಮಾತ್ರ ಇನ್ನೂ ನಾಲ್ಕು ಮೆಟ್ಟಿಲು ಹತ್ತಿ, ‘ಕಲ್ಲು ಇಷ್ಟು ಬೇಗ ಹೆಂಗ ಕಾದಾವಪಾ’ ಎಂದು ಆಶ್ಚರ್ಯಪಟ್ಟ.

ದಿನಾಂಕ ಗೊತ್ತುಮಾಡುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟದ ಕೆಲಸ. ನಮಗೆಲ್ಲರಿಗೂ ಒಟ್ಟಿಗೆ ಬಿಡುವು ಸಿಗುವುದು ಬೇಸಿಗೆಯ ರಜೆಯಲ್ಲಿ. ಕಾಡು ಒಣಗಿ ಕಾಳ್ಗಿಚ್ಚಿನ ಭಯವಿರುವ ಆ ತಿಂಗಳುಗಳಲ್ಲಿ ಚಾರಣಕ್ಕೆ ಬಾಗಿಲು ಹಾಕುತ್ತಾರೆ. ಮಳೆಗಾಲದಲ್ಲಿ ಜಾರುವ ಬಂಡೆ ಮತ್ತು ಜಿಗಣೆ. ಉಳಿದ ನಾಲ್ಕು ತಿಂಗಳಲ್ಲಿ ದಸರಾ, ದೀಪಾವಳಿ, ಒಬ್ಬನ ನಾದಿನಿಯ ಮದುವೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಗಣರಾಜ್ಯೋತ್ಸವದ ರಜೆಗೆ ಹೋಗೋಣವೆಂದವನನ್ನು ಮೇಷ್ಟ್ರೇ ತಡೆದರು: 2024ರ ಜನವರಿಯಲ್ಲಿ ಅದೇ ರಜೆಗೆ ಸಾವಿರಾರು ಜನ ಒಮ್ಮೆಲೇ ನುಗ್ಗಿ, ಬೆಟ್ಟದಲ್ಲಿ ಸಾಲುಗಟ್ಟಿ ನಿಂತ ಚಿತ್ರಗಳು ನಾಡಿನಲ್ಲೆಲ್ಲ ಹರಿದಾಡಿದ್ದವು. ಈಗ ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ ಪಡೆಯಬೇಕು.

ಟಿಕೆಟಿಗೆ ಗುರುತಿನ ಚೀಟಿ ಕಳಿಸಿರೆಂದು ಬಳಗದ ವಾಟ್ಸಾಪಿನಲ್ಲಿ ಹಾಕಿದ್ದಕ್ಕೆ ಬಂದ ಉತ್ತರಗಳಲ್ಲಿ ಎರಡು ಆಧಾರ್, ಒಂದು ಕರೆಂಟ್ ಬಿಲ್ಲು, ಒಂದು ಮಗನ ಅಂಕಪಟ್ಟಿ ಮತ್ತು ಹಲವು ಶುಭೋದಯಗಳಿದ್ದವು. ಎಲ್ಲವನ್ನೂ ತುಂಬಿ ಹಣ ಕಟ್ಟುವ ಹಂತಕ್ಕೆ ಬಂದಾಗ ಓಟಿಪಿ ಹೋದದ್ದು ಬ್ಯಾಂಕಿನ ಗೆಳೆಯನ ಮೊಬೈಲಿಗೆ; ಅಪರಿಚಿತರಿಗೆ ಓಟಿಪಿ ಹೇಳಬೇಡಿರೆಂದು ದಿನವಿಡೀ ಗ್ರಾಹಕರಿಗೆ ಬುದ್ಧಿ ಹೇಳುವ ಆತನು, ಕೇಳುತ್ತಿರುವವರು ನಾವೇ ಎಂದು ದನಿಯಿಂದ ಗುರುತಿಸಿ ಒಪ್ಪುವಷ್ಟರಲ್ಲಿ ಅದರ ಗಡುವು ಮುಗಿದಿತ್ತು.

ಮನೆಗಳಲ್ಲಿ ಬೇರೆಯೇ ತಕರಾರು. ನಮ್ಮ ತಾಯಿಯವರು, ‘ಅಲ್ಲೋ, ಸಂಡೂರಾಗ ನಮ್ಮ ಕುಮಾರಸ್ವಾಮಿ ಇಲ್ಲೇನು? ಗುಡಿ ಬಾಗಿಲಿಗೆ ರಸ್ತೆ ಐತಿ. ಅವನ್ನ ಬಿಟ್ಟು ಅಷ್ಟು ದೂರ ನಡಕೊಂಡು ಹೋಗಂಥಾದ್ದು ಏನೈತಿ?’ ಎಂದರು. ಉತ್ತರ ಹೊಳೆಯಲಿಲ್ಲ. ಹೋಗುವುದು ಖಚಿತವೆಂದಾಗ, ಕುಕ್ಕೆಗೆ ಹೋಗಿ ದರ್ಶನವಿಲ್ಲದೆ ಬರುವುದುಂಟೆ ಎಂಬ ಮಾತು ಎಲ್ಲ ಮನೆಗಳಿಂದಲೂ ಏಕಕಾಲಕ್ಕೆ ಹೊರಟು, ಔಷಧದ ಅಂಗಡಿಯವನ ಅತ್ತೆಯವರು ಆಶ್ಲೇಷಾ ಬಲಿಯನ್ನೂ ಮಾಡಿಸಿಕೊಂಡು ಬನ್ನಿರೆಂದು ಪಟ್ಟಿ ಕೊಟ್ಟರು. ಬೆಳಿಗ್ಗೆ ಆರಕ್ಕೆ ಬೆಟ್ಟ ಹತ್ತಲು ತೊಡಗಬೇಕಾದವರು ದರ್ಶನದ ಸಾಲಿನಲ್ಲಿ ನಿಂತರೆ ಹತ್ತುವುದು ಯಾವಾಗ?

ಸಮಯದ ಈ ಪ್ರಶ್ನೆಯೇ ಮುಖ್ಯವೆಂದು ನನಗನ್ನಿಸುತ್ತದೆ. ಬೂಟು, ಟೋಪಿ, ಕೋಲುಗಳೆಲ್ಲ ಆಮೇಲಿನ ಮಾತು. ಮೇಷ್ಟ್ರು ಅದಕ್ಕೂ ಒಂದು ಸೂತ್ರ ಹುಡುಕಿ ತಂದರು. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಪ್ರಕಾರ, ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಕುಮಾರ ಪರ್ವತಕ್ಕೆ ಹೀಗೆ ಐದು ಗಂಟೆ ದಾಟುತ್ತದೆ. ಆದರೆ ನೈಸ್ಮಿತ್ ಮಹಾಶಯರು ದಾರಿಯಲ್ಲಿ ಕುಳಿತು ಮಿರ್ಚಿ ತಿನ್ನುವವರನ್ನು, ಪ್ರತಿ ತಿರುವಿನಲ್ಲೂ ಫೋಟೋ ತೆಗೆಸಿಕೊಳ್ಳುವವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಬಳಗಕ್ಕೆ ಏಳೂವರೆ ಗಂಟೆಯೆಂದು ಮೇಷ್ಟ್ರು ದಯೆಯಿಂದ ಬರೆದುಕೊಂಡರು. ಚಳಿಗಾಲದಲ್ಲಿ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಇಳಿಯುವುದಕ್ಕೂ ನಾಲ್ಕೈದು ಗಂಟೆ ಬೇಕು.

ಚೀಲದ ವಿಷಯದಲ್ಲಿ ಬಳ್ಳಾರಿಯ ಬುದ್ಧಿ ನಮ್ಮನ್ನು ಕೈಬಿಡಲಿಲ್ಲ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆಂದು ಕೇಳಿದ್ದೇ ತಡ, ಇಪ್ಪತ್ತು ಡಿಗ್ರಿಗೇ ಸ್ವೆಟರ್ ಹುಡುಕುವ ನಾವು ಕಂಬಳಿಯ ಮಾತೆತ್ತಿದೆವು. ತಲೆಗೆ ಮೂರು ಲೀಟರ್ ನೀರೆಂದರೆ ಮೂರು ಕಿಲೋ ಭಾರ ಎಂಬುದು ಮಾತ್ರ ಎಲ್ಲರಿಗೂ ಅನ್ಯಾಯವಾಗಿ ಕಂಡಿತು. ನೀರು ಕಡಿಮೆ ಮಾಡಿ ರೊಟ್ಟಿ ಹೆಚ್ಚಿಸೋಣವೆಂದು ಒಬ್ಬ ಸೂಚಿಸಿದ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಅವು ಎಷ್ಟು ಏರಿದರೂ ಕೆಡುವುದಿಲ್ಲ. ಮಂಡಕ್ಕಿ ಒಗ್ಗರಣೆಗೆ ಮಾತ್ರ ಇಲ್ಲ. ಮಾಡಿದ ಅರ್ಧ ಗಂಟೆಯಲ್ಲಿ ತಿನ್ನದ ಮಂಡಕ್ಕಿಯನ್ನು 1,712 ಮೀಟರಿಗೆ ಹೊತ್ತೊಯ್ಯುವವರ ರುಚಿಯ ಬಗ್ಗೆ ನನಗೆ ಗೌರವವಿಲ್ಲ. ಮೇಲೆ ಚಹಾ ಕಾಯಿಸಲು ಸ್ಟೌ ಒಯ್ಯಬೇಕೆಂದವನಿಗೆ, ಕಾಡಿನೊಳಗೆ ಬೆಂಕಿ ಹಚ್ಚುವಂತಿಲ್ಲ ಎಂದು ತಿಳಿಸಬೇಕಾಯಿತು. ಹಾಗಾದರೆ ಶಿಖರದ ಮೇಲೆ ಮಾಡುವುದಾದರೂ ಏನು ಎಂದು ಅವನು ನಿಜವಾಗಿಯೂ ಕೇಳಿದ.

ಕೊನೆಗೆ ಟಿಕೆಟ್ ಸಿಕ್ಕಿತು, ದರ್ಶನವನ್ನು ಮರುದಿನಕ್ಕೆ ಹಾಕಿದೆವು, ಮೇಷ್ಟ್ರು ಒಂದು ಕಟ್ಟಳೆ ಓದಿದರು: ಮಧ್ಯಾಹ್ನ ಒಂದು ಗಂಟೆಗೆ ಯಾರು ಎಲ್ಲೇ ಇರಲಿ, ಆ ಜಾಗವನ್ನೇ ಶಿಖರವೆಂದು ತಿಳಿದು ಹಿಂದಿರುಗತಕ್ಕದ್ದು. ಹೊಸ ಬೂಟು ಕೊಂಡಿದ್ದ ಔಷಧದ ಅಂಗಡಿಯವನು ಕೂಡಲೇ ಕೈಯೆತ್ತಿದ. ದಾರಿಯ ಅರ್ಧಕ್ಕೂ ಮೊದಲೇ ಭಟ್ಟರ ಮನೆ ಎಂಬ ಹೆಸರಾದ ತಾಣವಿದೆಯಲ್ಲವೆ, ಅಲ್ಲಿ ಚಾರಣಿಗರಿಗೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುತ್ತಾರಲ್ಲವೆ, ಒಂದು ಗಂಟೆಗೆ ನಾವು ಅಲ್ಲೇ ಇದ್ದರೆ ಅದನ್ನೂ ಶಿಖರವೆಂದೇ ತಿಳಿಯಬೇಕೆ ಎಂದು ಕೇಳಿದ. ಮೇಷ್ಟ್ರು ಕಟ್ಟಳೆಯನ್ನು ಮತ್ತೊಮ್ಮೆ ಓದಿ, ಅಕ್ಷರಶಃ ನೋಡಿದರೆ ಹೌದು ಎಂದರು. ಆ ಸಂಜೆಯ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾದದ್ದು ಈ ಕಟ್ಟಳೆಯೊಂದೇ.