ಎರಡು ಮೊಳ ಲೇಟು

ಮಂಡ್ಯದಿಂದ ಬೆಂಗಳೂರಿಗೆ ಬರುವ ನಮ್ಮ ಬೆಳಗಿನ ಗಾಡಿಗೆ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ ಎಲ್ಲ ಆದಮೇಲೆ ಇನ್ನೊಂದು ಸ್ಟೇಷನ್ ಇದೆ. ಅಲ್ಲಿ ಬೋರ್ಡಿಲ್ಲ, ಪ್ಲಾಟ್‌ಫಾರ್ಮಿಲ್ಲ, ಕಾಫಿ ಮಾರುವವನೂ ಇಲ್ಲ. ಆದರೂ ಬೇರೆಲ್ಲಿಗಿಂತ ಜಾಸ್ತಿ ಹೊತ್ತು ಗಾಡಿ ನಿಲ್ಲುವುದು ಅಲ್ಲೇ. ಅದರ ಹೆಸರು ಔಟರ್.

ಔಟರ್ ಅಂದರೆ ಸ್ಟೇಷನ್ನಿನ ಹೊರಗಿನ ಸಿಗ್ನಲ್ಲು. ಕೃಷ್ಣದೇವರಾಯ ಹಾಲ್ಟ್ ದಾಟುತ್ತಿದ್ದಂತೆ ನಾವೆಲ್ಲ ಬ್ಯಾಗು ಇಳಿಸಿಕೊಳ್ಳುತ್ತೇವೆ. ಊಟದ ಡಬ್ಬಿ ನೆಟ್ಟಗಿದೆಯಾ ಅಂತ ನೋಡಿಕೊಳ್ಳುತ್ತೇವೆ. ಬಾಗಿಲ ಹತ್ತಿರ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಲ್ಲುತ್ತೇವೆ. ಆಗ ಗಾಡಿ ಉಸ್ಸೆಂದು ನಿಂತುಬಿಡುತ್ತದೆ. ಎದುರಿಗೆ ಯಾರದೋ ಮನೆಯ ಹಿತ್ತಿಲು. ಹಗ್ಗದ ಮೇಲೆ ಒಂದು ನೀಲಿ ಲುಂಗಿ. ನೀರು ತೊಟ್ಟಿಕ್ಕುತ್ತಿದ್ದ ಆ ಲುಂಗಿ ಗಾಳಿಗೆ ಹಾರಾಡುವಷ್ಟು ಒಣಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿ ಮಾತ್ರ ಒಂದಿಂಚು ಕದಲಿರಲಿಲ್ಲ.

ತಡವಾಗುವುದು ದೊಡ್ಡ ವಿಷಯವಲ್ಲ. ದಿನಾ ಅರ್ಧ ಗಂಟೆ ತಡ ಅಂತ ಗೊತ್ತಿದ್ದರೆ ಮನೆಯಲ್ಲಿ ಇನ್ನೊಂದು ದೋಸೆ ತಿಂದು ಹೊರಡಬಹುದು. ಆದರೆ ಇವತ್ತು ಆರು ನಿಮಿಷ, ನಾಳೆ ನಲವತ್ತು, ನಾಡಿದ್ದು ಸರಿಯಾದ ಟೈಮಿಗೆ. ಆ ನಾಡಿದ್ದು ನಾವು ದೋಸೆ ತಿನ್ನುತ್ತಾ ಕೂತಿರುತ್ತೇವೆ.

ಮೊದಲೆಲ್ಲ ಕಾರಣವಾದರೂ ಇತ್ತು. ಒಂಟಿ ಹಳಿ, ಎದುರಿಂದ ಬರುವ ಗಾಡಿಗೆ ಕ್ರಾಸಿಂಗ್ ಕೊಡಬೇಕು ಅನ್ನುತ್ತಿದ್ದರು. ಜೋಡಿ ಹಳಿ ಬರಲಿ, ಎಲ್ಲ ಸರಿಹೋಗುತ್ತೆ ಅಂತ ಕಾದೆವು. ಅದಕ್ಕಾಗಿ 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನೇ ಇಡಿಯಾಗಿ ಎತ್ತಿ, ನೂರು ಮೀಟರಿನಷ್ಟು ಆಚೆ ಜರುಗಿಸಿದರು. ಅಷ್ಟು ಹಳೆಯ ಆ ಕಟ್ಟಡ ಜರುಗಿತು. ಜೋಡಿ ಹಳಿಯೂ ಬಂತು. ಔಟರ್‌ನಲ್ಲಿ ನಿಂತ ನಮ್ಮ ಗಾಡಿಯನ್ನು ಜರುಗಿಸುವುದು ಇನ್ನೂ ಯಾರಿಗೂ ಆಗಿಲ್ಲ. ಈಗ ಕಾರಣ ಕೇಳಿದರೆ ಒಳಗೆ ಪ್ಲಾಟ್‌ಫಾರ್ಮ್ ಖಾಲಿ ಇಲ್ಲ ಅನ್ನುತ್ತಾರೆ. ಇರುವುದು 10 ಪ್ಲಾಟ್‌ಫಾರ್ಮು. ಊರಿಗೆ ಊರೇ ಬಂದು ಇಳಿಯುವ ಜಾಗ. ಇರಬಹುದು ಬಿಡಿ.

ವೇಳಾಪಟ್ಟಿ ತೆಗೆದು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ಬೆಂಗಳೂರು ಬಿಟ್ಟು ಕೆಂಗೇರಿ ಮುಟ್ಟಲು ಇಪ್ಪತ್ತು ನಿಮಿಷ ಸಾಕು. ವಾಪಸ್ ಬರುವ ಗಾಡಿಗಳಿಗೆ ಅದೇ ದಾರಿಗೆ ಅರ್ಧ ಗಂಟೆ, ಅದಕ್ಕೂ ಜಾಸ್ತಿ ಬರೆದಿರುತ್ತಾರೆ. ದಾರಿಯಲ್ಲಿ ಕಳೆದ ಹೊತ್ತನ್ನೆಲ್ಲ ಕೊನೆಯಲ್ಲಿ ಸರಿದೂಗಿಸಿಕೊಳ್ಳಲು ಈ ಉಪಾಯ. ಗಾಡಿ ಸರಿಯಾದ ಟೈಮಿಗೆ ಬಂತೋ ಇಲ್ಲವೋ ಅನ್ನುವ ಲೆಕ್ಕ ಕೊನೆಯ ಸ್ಟೇಷನ್ನಿನಲ್ಲಿ ತಾನೇ? ಅಂದಮೇಲೆ ನಾವು ಲುಂಗಿ ನೋಡುತ್ತಾ ನಿಂತರೂ ಅವರ ಪುಸ್ತಕದಲ್ಲಿ ಎಷ್ಟೋ ಸಲ ನಾವು ಲೇಟೇ ಅಲ್ಲ.

ಇದನ್ನು ಆಫೀಸಿನಲ್ಲಿ ಹೇಳಿ ನೋಡಿ. ನಮ್ಮ ಸಾಹೇಬರ ಮನೆ ಆಫೀಸಿನ ಹಿಂದಿನ ಬೀದಿ. 'ಔಟರ್‌ನಲ್ಲಿ ನಿಲ್ಲಿಸಿಬಿಟ್ಟರು ಸಾರ್' ಅಂದರೆ, 'ದಿನಾ ನಿಲ್ಲಿಸ್ತಾರೇನ್ರೀ?' ಅನ್ನುತ್ತಾರೆ. ಹೌದು ಅಂದರೆ, 'ದಿನಾ ಅಂತ ಗೊತ್ತಿದ್ದ ಮೇಲೆ ಮುಂಚೆ ಹೊರಡಬೇಕಪ್ಪಾ' ಅಂತಾರೆ. ಇಲ್ಲ ಅಂದರೆ ನಿನ್ನೆ ಹೇಳಿದ್ದು ಸುಳ್ಳಾಗುತ್ತದೆ. ಮೂರು ಲೇಟಿಗೆ ಅರ್ಧ ದಿನದ ರಜೆ ಕಟ್.

ಮದ್ದೂರು ವಡೆ ಹುಟ್ಟಿದ್ದೂ ಗಾಡಿಯ ಟೈಮು ಏರುಪೇರಾಗಿಯೇ ಅನ್ನುತ್ತಾರೆ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದವರಿಗೆ ಒಂದು ದಿನ ಬಜ್ಜಿ, ಪಕೋಡ ಕರಿಯಲು ಸಮಯ ಸಿಗಲಿಲ್ಲವಂತೆ. ಕೈಗೆ ಸಿಕ್ಕ ಹಿಟ್ಟು, ರವೆ, ಈರುಳ್ಳಿ ಕಲಸಿ, ತಟ್ಟಿ ಎಣ್ಣೆಗೆ ಬಿಟ್ಟರಂತೆ. ಆಗ ಗಾಡಿಯ ಟೈಮು ಕೆಟ್ಟರೆ ವಡೆ ಹುಟ್ಟುತ್ತಿತ್ತು. ಈಗ ಮೆಮೊ ಹುಟ್ಟುತ್ತದೆ.

2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದಮೇಲೆ ನಮಗೆ ದಿನಾ ಒಂದು ಜೂಜು. ಕೆಂಗೇರಿಯಲ್ಲೇ ಇಳಿದು ಆಟೊ ಹಿಡಿದು ಮೆಟ್ರೊಗೆ ಓಡುವುದೋ, ಗಾಡಿಯನ್ನೇ ನಂಬಿ ಕೂರುವುದೋ? ನಾನು ಇಳಿದ ದಿನ ಗಾಡಿ ಸರಾಗವಾಗಿ ಹೋಗಿರುತ್ತದೆ. ಕೂತ ದಿನ ಲುಂಗಿ. ಇನ್ನು ಉಪನಗರ ರೈಲು ಅಂತ ಒಂದಿದೆ. ಅದಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕೆಂಗೇರಿಯಿಂದ ವೈಟ್‌ಫೀಲ್ಡಿಗೂ ಒಂದು ಮಾರ್ಗ ಹಾಕಿದ್ದಾರೆ, ಪಟದಲ್ಲಿ. ಅದೂ ಎಲ್ಲೋ ಔಟರ್‌ನಲ್ಲಿ ನಿಂತಿರಬೇಕು.

ಒಂದು ಸಲ ತಾಳ್ಮೆ ಕೆಟ್ಟು ಔಟರ್‌ನಲ್ಲೇ ಧುಮುಕಿದೆ. ತಪ್ಪು, ಗೊತ್ತು. ಜಲ್ಲಿಯ ಮೇಲೆ ಹೊಸ ಶೂ ಹಾಕಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದೆ. ಐವತ್ತು ಹೆಜ್ಜೆ ಆಗಿರಬಹುದು, ಹಿಂದೆ ಹಾರ್ನ್ ಕೇಳಿಸಿತು. ನನ್ನದೇ ಬೋಗಿ ನಿಧಾನಕ್ಕೆ ನನ್ನ ಪಕ್ಕದಲ್ಲೇ ಹೋಯಿತು. ನಾನು ಬಿಟ್ಟ ಕಿಟಕಿ ಸೀಟಿನಲ್ಲಿ ಚನ್ನಪಟ್ಟಣದ ಮೇಷ್ಟ್ರು ಆರಾಮಾಗಿ ಕೂತಿದ್ದರು. ಕೈ ಬೇರೆ ಬೀಸಿದರು.

ಇದೆಲ್ಲದರ ನಡುವೆ ಒಂದಿಷ್ಟೂ ತಲೆಕೆಡಿಸಿಕೊಳ್ಳದೆ ಕೂರುವವರು ಹೂವಿನಕ್ಕ. ಮಡಿಲಲ್ಲಿ ಕನಕಾಂಬರ, ಕಾಲಿನ ಹೆಬ್ಬೆರಳಿಗೆ ಸುತ್ತಿದ ಬಾಳೆನಾರು. ಎರಡು ಹೂ ಆ ಕಡೆ, ಎರಡು ಈ ಕಡೆ, ಒಂದು ಗಂಟು. ಕಣ್ಣು ಕಿಟಕಿಯ ಕಡೆ, ಬೆರಳು ತನ್ನ ಪಾಡಿಗೆ. ನಾವು ಮೊಬೈಲಿನಲ್ಲಿ ಗಾಡಿ ಎಲ್ಲಿದೆ ಅಂತ ಹುಡುಕುತ್ತಿದ್ದರೆ ಅಕ್ಕ ಮೊಣಕೈಗೆ ಮಾಲೆ ಹಿಡಿದು ಅಳೆದು ಹೇಳುತ್ತಾರೆ: 'ಇವತ್ತು ಎರಡು ಮೊಳ ಲೇಟು ಕಣಣ್ಣ.' ನಮ್ಮ ಬೋಗಿಯಲ್ಲಿ ಈಗ ಅದೇ ಲೆಕ್ಕ. ಒಂದು ಮೊಳ ಅಂದರೆ ಓಡಿದರೆ ಆಫೀಸು ಸಿಗುತ್ತೆ. ಮೂರು ಮೊಳ ಅಂದರೆ ಸಾಹೇಬರಿಗೆ ಫೋನು.

ಹೋದ ವಾರ ಒಂದು ದಿನ ಗಾಡಿ ಔಟರ್‌ನಲ್ಲಿ ನಿಲ್ಲಲೇ ಇಲ್ಲ. ಲುಂಗಿ ಸರ್ರನೆ ಹಿಂದೆ ಹೋಯಿತು. ನೋಡುತ್ತಿದ್ದಂತೆ ಪ್ಲಾಟ್‌ಫಾರ್ಮು. ಯಾರೂ ಎದ್ದು ನಿಂತಿರಲಿಲ್ಲ. ಮೇಷ್ಟ್ರು ಇನ್ನೂ ನಿದ್ದೆಯಲ್ಲಿದ್ದರು. ಅಕ್ಕನ ಮಡಿಲಲ್ಲಿ ಅರ್ಧ ಸೇರು ಹೂ ಹಾಗೇ ಉಳಿದಿತ್ತು.

'ಇದೇನ್ಲಾ ಇಷ್ಟ್ ಬೇಗ ತಂದ್ ಹಾಕ್ಬುಟ್ಟ! ಹೇಳದೆ ಕೇಳದೆ ಹಿಂಗ್ ಮಾಡುದ್ರೆ ನಮ್ ಗತಿ ಏನು?' ಅಂತ ಇಂಜಿನ್ನಿನ ಕಡೆ ತಿರುಗಿ ಬೈದುಕೊಂಡೇ ಇಳಿದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಮತ್ತೆ ಹೆಬ್ಬೆರಳಿಗೆ ನಾರು ಸುತ್ತಿಕೊಂಡರು. ನನಗೂ ಇಪ್ಪತ್ತು ನಿಮಿಷ ಮಿಕ್ಕಿತ್ತು. ಏನು ಮಾಡುವುದು ತೋಚದೆ ಪಕ್ಕದಲ್ಲಿ ಕೂತೆ.

'ಸುಮ್ನೆ ಕೂತ್ಕೋಬೇಡ, ಹೂ ಎತ್ತಿ ಕೊಡು' ಅಂದರು.