6ಜಿ ಕೂಸಿಗೆ ಕುಲಾವಿ

ದೂರಸಂಪರ್ಕ ಉದ್ಯಮಕ್ಕೆ ವರ್ತಮಾನ ಕಾಲ ಒಗ್ಗುವುದಿಲ್ಲ. ಅದರ ಜಾಹೀರಾತು, ಷೇರುದಾರರ ವರದಿ, ಮುಖ್ಯಸ್ಥರ ಭಾಷಣ ಎಲ್ಲವೂ ಭವಿಷ್ಯತ್ ಕಾಲದಲ್ಲೇ ನಡೆಯುತ್ತವೆ. ಕಾರು ತಾನೇ ಓಡಲಿದೆ, ಫ್ರಿಜ್ ತಾನೇ ಯೋಚಿಸಲಿದೆ, ವೈದ್ಯರು ಖಂಡದಾಚೆ ಕೂತು ಹೊಟ್ಟೆ ಕೊಯ್ಯಲಿದ್ದಾರೆ. ‘ಅದೆಲ್ಲ ಸರಿ, ಈಗ ಒಂದು ಕಾಲ್ ಮಾಡಬೇಕಿತ್ತು, ಸಿಗ್ನಲ್ ಇಲ್ಲವಲ್ಲ’ ಎಂದು ನೋಡಿ, ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಪಾಪ, ಇವರಿನ್ನೂ ಇವತ್ತಿನಲ್ಲೇ ಬದುಕುತ್ತಿದ್ದಾರೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ಹಿರಿಯರು ನಗುತ್ತಿದ್ದರು. ಇಲ್ಲಿ ಕುಲಾವಿ ಹೊಲಿಯುವುದಕ್ಕೆಂದೇ ವಿಶ್ವಸಂಸ್ಥೆಯ ಒಂದು ಅಂಗಸಂಸ್ಥೆ ಇದೆ. ತಂತಿ ಸಂದೇಶದ ಕಾಲದಲ್ಲಿ, 1865ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, 2023ರಲ್ಲಿ 6ಜಿಯ ಚೌಕಟ್ಟಿಗೆ ಒಪ್ಪಿಗೆ ಕೊಟ್ಟಿತು. ಅದರ ಅಧಿಕೃತ ಹೆಸರು ಐಎಂಟಿ-2030. 5ಜಿಯದು ಐಎಂಟಿ-2020 ಆಗಿತ್ತು, 3ಜಿಯದು ಐಎಂಟಿ-2000. ಹೆಸರಿನಲ್ಲೇ ಹೆರಿಗೆಯ ವರ್ಷ ಇದೆ. ಕೂಸು ಬೇಕು ಎಂದು ಕೇಳಿದವರು ಯಾರು ಎಂಬ ಪ್ರಶ್ನೆಗೆ ಚೌಕಟ್ಟಿನಲ್ಲಿ ಜಾಗ ಇಟ್ಟಿಲ್ಲ. 2ಜಿ 1991ರಲ್ಲಿ, 3ಜಿ 2001ರಲ್ಲಿ, 4ಜಿ 2009ರಲ್ಲಿ, 5ಜಿ 2019ರಲ್ಲಿ. ಋತುಮಾನ ತಪ್ಪಿದರೂ ಇದು ತಪ್ಪುವುದಿಲ್ಲ.

ಹೇಳಿದ ವರ್ಷಕ್ಕೆ ಕೂಸು ಹುಟ್ಟದಿದ್ದರೆ ಏನು ಮಾಡಬೇಕೆಂಬುದಕ್ಕೂ ಶಾಸ್ತ್ರ ಇದೆ. 4ಜಿ ಅನ್ನಿಸಿಕೊಳ್ಳಲು ನಿಂತಲ್ಲಿ ಸೆಕೆಂಡಿಗೆ 1 ಗಿಗಾಬಿಟ್, ವೇಗವಾಗಿ ಓಡುವಾಗ 100 ಮೆಗಾಬಿಟ್ ಗರಿಷ್ಠ ವೇಗ ಇರಬೇಕೆಂದು ಐಟಿಯು ಮಾನದಂಡ ಹಾಕಿತ್ತು. ಕಂಪನಿಗಳ ಬಳಿ ಅಂಥ ನೆಟ್‌ವರ್ಕ್ ಇರಲಿಲ್ಲ, 4ಜಿಯ ಜಾಹೀರಾತು ಮಾತ್ರ ಇತ್ತು. ಇಂಥ ಹೊತ್ತಿನಲ್ಲಿ ಒಂದೋ ವೇಗ ಏರಬೇಕು, ಇಲ್ಲವೇ ಮಾನದಂಡ ಇಳಿಯಬೇಕು. 2010ರ ಅಕ್ಟೋಬರಿನಲ್ಲಿ ‘ನಿಜವಾದ 4ಜಿ ಇವೆರಡೇ’ ಎಂದು ಎರಡು ತಂತ್ರಜ್ಞಾನಗಳನ್ನು ಆರಿಸಿದ್ದ ಐಟಿಯು, ಡಿಸೆಂಬರಿನಲ್ಲಿ ‘ಸುಧಾರಿಸಿದ 3ಜಿಯನ್ನೂ ಹಾಗೆ ಕರೆಯಬಹುದು’ ಎಂದು ಹೇಳಿಕೆ ಕೊಟ್ಟಿತು. ಎರಡೇ ತಿಂಗಳಲ್ಲಿ, ಒಬ್ಬನೂ ಟವರ್ ಹತ್ತದೆ, ಲಕ್ಷಾಂತರ ಫೋನುಗಳು ಮೂರನೆಯದರಿಂದ ನಾಲ್ಕಕ್ಕೆ ತೇರ್ಗಡೆಯಾದವು.

ಈ ಪಾಠವನ್ನು ಅಮೆರಿಕದ ಎಟಿ ಅಂಡ್ ಟಿ ಮರೆಯಲಿಲ್ಲ. 2019ರ ಜನವರಿಯಲ್ಲಿ ಅದರ ಕೆಲವು ಗ್ರಾಹಕರು ಬೆಳಿಗ್ಗೆ ಎದ್ದು ನೋಡಿದರೆ ಫೋನಿನ ಮೇಲ್ತುದಿಯಲ್ಲಿ ‘5ಜಿ ಇ’ ಅಂತ ಅಕ್ಷರ ಮೂಡಿದ್ದವು. ಫೋನು ಹಳೆಯದೇ, ನೆಟ್‌ವರ್ಕ್ 4ಜಿಯದೇ. ‘ಇ’ ಅಂದರೆ ‘ಎವಲ್ಯೂಷನ್’, ವಿಕಾಸ. ಮಂಗ ಇನ್ನೂ ಮರದ ಮೇಲೇ ಇತ್ತು, ಬಾಲಕ್ಕೆ ಮಾತ್ರ ‘ಮನುಷ್ಯ’ ಎಂಬ ಚೀಟಿ. ಪ್ರತಿಸ್ಪರ್ಧಿಗಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಪ್ರಿಂಟ್ ಕೋರ್ಟಿಗೆ ಹೋಯಿತು. ಟಿ-ಮೊಬೈಲಿನವರು ಫೋನಿನ ಮೂಲೆಗೆ ‘9ಜಿ’ ಎಂದು ಬರೆದ ಚೀಟಿ ಅಂಟಿಸುವ ವಿಡಿಯೊ ಹಾಕಿದರು. (ಇಡೀ ಉದ್ಯಮದಿಂದ ಬಂದ ಅತ್ಯಂತ ಪ್ರಾಮಾಣಿಕ ತಾಂತ್ರಿಕ ಪ್ರಾತ್ಯಕ್ಷಿಕೆ ಅದೇ ಎಂಬುದು ನನ್ನ ಅನಿಸಿಕೆ.) ಮರುವರ್ಷ ಜಾಹೀರಾತು ಉದ್ಯಮದ ಪರಿಶೀಲನಾ ಮಂಡಳಿ ‘ಇದು ಜನರನ್ನು ದಾರಿ ತಪ್ಪಿಸುತ್ತದೆ’ ಎಂದಿತು. ಕಂಪನಿ ತಲೆಬಾಗಿ ಜಾಹೀರಾತು ಕೈಬಿಟ್ಟಿತು, ಫೋನಿನ ಮೇಲಿನ ಅಕ್ಷರಗಳನ್ನು ಉಳಿಸಿಕೊಂಡಿತು.

ಇನ್ನು ಆ ಶಸ್ತ್ರಚಿಕಿತ್ಸೆ. 5ಜಿಯ ಪ್ರತಿ ಪ್ರದರ್ಶನದಲ್ಲೂ ಒಬ್ಬ ವೈದ್ಯರು ಇರುತ್ತಾರೆ. ಕಣ್ಣಿಗೆ ಕನ್ನಡಕದಂಥ ಪೆಟ್ಟಿಗೆ, ಕೈಯಲ್ಲಿ ಎರಡು ಹಿಡಿಕೆ, ಎದುರಿನ ಪರದೆಯಲ್ಲಿ ಎಲ್ಲೋ ಮಲಗಿದ ರೋಗಿ. ‘ವಿಳಂಬ ಕೇವಲ ಒಂದು ಮಿಲಿಸೆಕೆಂಡ್’ ಎಂದು ನಿರೂಪಕಿ ಹೇಳುತ್ತಾಳೆ. ಚಪ್ಪಾಳೆ. ಆ ಒಂದು ಮಿಲಿಸೆಕೆಂಡ್ ಫೋನಿನಿಂದ ಟವರಿನವರೆಗಿನ ಗಾಳಿಯ ಲೆಕ್ಕ ಮಾತ್ರ. ಆಮೇಲೆ ಫೈಬರ್ ಇದೆ, ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಮಾತ್ರ ಹೋಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ, ಬೇರೆ ಯಾವ ತಡವೂ ಇಲ್ಲ ಎಂದುಕೊಂಡರೂ, ವೈದ್ಯರು ರೋಗಿಯಿಂದ 100 ಕಿಲೋಮೀಟರ್ ಒಳಗಿರಬೇಕು. ಅಷ್ಟು ಹತ್ತಿರ ಇದ್ದವರು ಬಸ್ಸು ಹತ್ತಿ ಬಂದುಬಿಡಬಹುದು.

ನಗು ಬರುವುದು ಇದಕ್ಕಲ್ಲ. ಅಟ್ಲಾಂಟಿಕ್ ಸಾಗರದಾಚೆಯಿಂದ ಶಸ್ತ್ರಚಿಕಿತ್ಸೆ ಆಗಲೇ ಆಗಿಹೋಗಿದೆ! 2001ರ ಸೆಪ್ಟೆಂಬರ್ 7ರಂದು ಜಾಕ್ ಮಾರೆಸ್ಕೊ ಎಂಬ ಸರ್ಜನ್ ನ್ಯೂಯಾರ್ಕಿನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ ಮಹಿಳೆಯ ಪಿತ್ತಕೋಶವನ್ನು ರೋಬಾಟ್ ಕೈಗಳಿಂದ ತೆಗೆದರು. ನಡುವೆ ಇದ್ದದ್ದು ಫೈಬರ್ ಕೇಬಲ್, ವಿಳಂಬ ಸುಮಾರು 155 ಮಿಲಿಸೆಕೆಂಡ್. ಆಕೆಗೆ ಏನೂ ಆಗಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆ ಎದ್ದು ಓಡಾಡುವುದಿಲ್ಲವಾದ್ದರಿಂದ ಅದಕ್ಕೆ ವೈರ್ ಸಾಕು ಎಂಬ ಸರಳ ಸತ್ಯ ಅವತ್ತೇ ಸಾಬೀತಾಗಿತ್ತು. ಆಗಿಹೋದದ್ದನ್ನು ಟಿಕೆಟ್ ಇಟ್ಟು ಮಾರಲು ಬರುವುದಿಲ್ಲ. ಹಾಗಾಗಿ ಹದಿನೆಂಟು ವರ್ಷ ಬಿಟ್ಟು ಅಂಥದೇ ರೋಗಿಯನ್ನು ಮತ್ತೆ ಮಲಗಿಸಿ, ಈ ಸಲ ವೈರ್ ಕಿತ್ತರು.

ಅತ್ತ ಐಟಿಯು ಲೆಕ್ಕದಲ್ಲೇ, 2024ರಲ್ಲಿ ಜಗತ್ತಿನ ಸುಮಾರು 260 ಕೋಟಿ ಜನ ಇಂಟರ್ನೆಟ್ಟಿನ ಹೊರಗಿದ್ದರು. ಅವರದು ಸೊನ್ನೆ ಜಿ. ಆ ಸಂಖ್ಯೆಗೆ ಚೌಕಟ್ಟೂ ಇಲ್ಲ, ಪ್ರದರ್ಶನ ಮಳಿಗೆಯೂ ಇಲ್ಲ.

ಇಷ್ಟು ಹೇಳಿದ ಮೇಲೆ, ಭವಿಷ್ಯವನ್ನು ಮಾರುವವರೇ ಅದನ್ನು ಅತಿ ಹೆಚ್ಚು ಬೆಲೆಗೆ ಕೊಂಡವರೂ ಹೌದು ಎಂದು ಒಪ್ಪಬೇಕು. 2000ನೇ ಇಸವಿಯಲ್ಲಿ 3ಜಿ ತರಂಗಾಂತರದ ಹರಾಜಿನಲ್ಲಿ ಬ್ರಿಟನ್ ಸರ್ಕಾರಕ್ಕೆ ಸುಮಾರು 2,250 ಕೋಟಿ ಪೌಂಡ್ ಬಂತು, ಜರ್ಮನಿಗೆ ಸುಮಾರು 5,000 ಕೋಟಿ ಯೂರೊ. ಕೊಂಡದ್ದು ಗಾಳಿಯನ್ನು. ಜರ್ಮನಿಯಲ್ಲಿ ಆರು ಮಂದಿ ಗೆದ್ದರು, ಅದರಲ್ಲಿ ಇಬ್ಬರು 3ಜಿ ಸೇವೆ ಶುರುಮಾಡುವ ಮೊದಲೇ ಪರವಾನಗಿ ಕಳೆದುಕೊಂಡರು ಇಲ್ಲವೇ ಹಿಂದಕ್ಕೆ ಕೊಟ್ಟರು. ಉಳಿದವರು ಕಟ್ಟಿದರು, 2021ರಲ್ಲಿ 3ಜಿಯನ್ನು ಅವರೇ ಮುಚ್ಚಿದರು.

ಅದಕ್ಕಿಂತ ಸೊಗಸಾದದ್ದು ನೂರು ದಿನದ ಕಥೆ. ‘ಇಂಟರ್ನೆಟ್ ದಟ್ಟಣೆ ಪ್ರತಿ ನೂರು ದಿನಕ್ಕೆ ಎರಡು ಪಟ್ಟಾಗುತ್ತಿದೆ’ ಎಂಬ ಮಾತು ತೊಂಬತ್ತರ ದಶಕದ ಕೊನೆಯಲ್ಲಿ ವರ್ಲ್ಡ್‌ಕಾಮ್ ಕಂಪನಿಯ ಕಡೆಯಿಂದ ಹೊರಟು, ಅಮೆರಿಕ ಸರ್ಕಾರದ ವರದಿಗೂ ಸೇರಿಕೊಂಡಿತು. ಕಾಗದ ಪೆನ್ಸಿಲ್ ಹಿಡಿದು ನೋಡಿ: ವರ್ಷಕ್ಕೆ ಹನ್ನೆರಡೂವರೆ ಪಟ್ಟು, ನಾಲ್ಕು ವರ್ಷಕ್ಕೆ ಸುಮಾರು 25,000 ಪಟ್ಟು. ಆ ವೇಗಕ್ಕೆ ಜಗತ್ತಿನ ಜನರೆಲ್ಲ ನಿದ್ದೆ ಬಿಟ್ಟು ಇಮೇಲ್ ಬರೆಯುತ್ತಾ ಕೂತಿದ್ದರೂ ಸಾಲುತ್ತಿರಲಿಲ್ಲ. ಆಂಡ್ರ್ಯೂ ಒಡ್ಲಿಜ್ಕೊ ಎಂಬ ಗಣಿತಜ್ಞರು ಲೆಕ್ಕ ಹಾಕಿ, ದಟ್ಟಣೆ ಎರಡು ಪಟ್ಟಾಗುತ್ತಿರುವುದು ನೂರು ದಿನಕ್ಕಲ್ಲ, ಸುಮಾರು ವರ್ಷಕ್ಕೊಮ್ಮೆ ಎಂದು 1998ರಲ್ಲೇ ತೋರಿಸಿದ್ದರು. ವರ್ಷಕ್ಕೆ ಎರಡು ಪಟ್ಟು ಎಂದರೆ ಅದೇನು ಕಡಿಮೆಯೇ? ಭವಿಷ್ಯದವರಿಗೆ ಅದು ಕಡಿಮೆಯಾಗಿ ಕಂಡಿತು. ನೆಲ ಅಗೆದರು, ಸಮುದ್ರ ಅಗೆದರು, ಬೆಳಕೇ ಹರಿಯದ ಫೈಬರನ್ನು ಲಕ್ಷಗಟ್ಟಲೆ ಕಿಲೋಮೀಟರ್ ಹೂತರು. 2002ರ ಜುಲೈನಲ್ಲಿ ವರ್ಲ್ಡ್‌ಕಾಮ್ ದಿವಾಳಿಯಾಯಿತು. ಅಲ್ಲಿ ನಿಜವಾಗಿ ನೂರು ದಿನಕ್ಕೊಮ್ಮೆ ಬೆಳೆಯುತ್ತಿದ್ದದ್ದು ಸುಳ್ಳು ಲೆಕ್ಕಪತ್ರವಂತೆ. ಅದರ ಮುಖ್ಯಸ್ಥ ಬರ್ನಿ ಎಬ್ಬರ್ಸ್‌ಗೆ 25 ವರ್ಷ ಜೈಲಾಯಿತು. ಹೂತಿಟ್ಟ ಫೈಬರ್ ಮಾತ್ರ ಕೆಡಲಿಲ್ಲ. ಮುಳುಗಿದವರ ಫೈಬರನ್ನು ಕಡಿಮೆ ಬೆಲೆಗೆ ಕೊಂಡವರು ಮುಂದೆ ಅದರಲ್ಲೇ ವಿಡಿಯೊ ಹರಿಸಿದರು.

ಇಲ್ಲಿ ಉದ್ಯಮದ ಒಳಗಿನ ನೋವು ಶುರುವಾಗುತ್ತದೆ. ಆ ವಿಡಿಯೊ ತಮ್ಮದಲ್ಲ! ತಾವು ಬರೀ ಕೊಳವೆ. ಈ ಪದ ಕೇಳಿದರೆ ದೂರಸಂಪರ್ಕ ಕಂಪನಿಯ ಮುಖ್ಯಸ್ಥರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಜಗತ್ತಿಗೆ ಬೇಕಿರುವುದು ಕೊಳವೆಯೇ, ಕಡಿಯದ, ಕಟ್ಟಿಕೊಳ್ಳದ ಒಳ್ಳೆಯ ಕೊಳವೆ. ಅದೊಂದು ಆಗುವುದಕ್ಕೆ ಮಾತ್ರ ಅವರಿಗೆ ಅವಮಾನ. ಆದ್ದರಿಂದ ಅಮೆರಿಕದ ವೆರೈಜನ್ 2015ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಕೊಂಡಿತು, 2017ರಲ್ಲಿ ಯಾಹೂ ಕೊಂಡಿತು, ಒಟ್ಟು ಸುಮಾರು 900 ಕೋಟಿ ಡಾಲರ್ ಸುರಿಯಿತು, 2021ರಲ್ಲಿ ಎರಡನ್ನೂ ಸೇರಿಸಿ 500 ಕೋಟಿಗೆ ಕೊಟ್ಟು ಕೈ ತೊಳೆದುಕೊಂಡಿತು. ಉಳಿದವರು ಇನ್ನೂ ಅಗ್ಗದ ದಾರಿ ಹಿಡಿದರು. ‘ನಾವಿನ್ನು ಟೆಲ್ಕೊ ಅಲ್ಲ, ಟೆಕ್ಕೊ’, ಅಂದರೆ ದೂರಸಂಪರ್ಕ ಕಂಪನಿಯಲ್ಲ, ತಂತ್ರಜ್ಞಾನ ಕಂಪನಿ ಎಂದು ಬೋರ್ಡ್ ಬದಲಿಸಿದರು.

ಕೊಳವೆಯಲ್ಲಿ ಚಿನ್ನ ಹರಿದ ಕಾಲವೂ ಒಂದಿತ್ತು. ಒಂದು ಎಸ್ಸೆಮ್ಮೆಸ್ ಎಂದರೆ 140 ಬೈಟ್. ಅದು ಓಡುತ್ತಿದ್ದದ್ದು ಕರೆ ಜೋಡಿಸಲು ಹೇಗೂ ಇದ್ದ ಸಂಕೇತದ ಕಾಲುವೆಯಲ್ಲಿ. ಹತ್ತು ಲಕ್ಷ ಮೆಸೇಜ್ ಸೇರಿದರೂ 140 ಮೆಗಾಬೈಟ್, ಈಗಿನ ಒಂದು ಪುಟ್ಟ ವಿಡಿಯೊದಷ್ಟು. ಅದನ್ನು ಒಂದೊಂದಾಗಿ ಎಣಿಸಿ ಮಾರಿದರು, ಹಬ್ಬಗಳಲ್ಲಿ ದರ ಏರಿಸಿ ಮಾರಿದರು. ಇದೇ ಶಾಶ್ವತ ಎಂದು ನಂಬಿ ಕೂತಿರುವಾಗ ವಾಟ್ಸ್ಆ್ಯಪ್ ಬಂತು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಘೋಷಿಸಿದಾಗ ಅಲ್ಲಿ ಕೆಲಸ ಮಾಡುತ್ತಿದ್ದವರು ಸುಮಾರು 55 ಮಂದಿ. ಭವಿಷ್ಯದ ವ್ಯಾಪಾರಿಗಳಿಗೆ ಭವಿಷ್ಯ ಕಾಣಲಿಲ್ಲ, ಬೆನ್ನ ಹಿಂದೆ ಬಂದು ನಿಂತಿತ್ತು.

ಅಂದಿನಿಂದ ಹೊಸ ಬೇಡಿಕೆ: ‘ನ್ಯಾಯಯುತ ಪಾಲು’. ವಾದ ಹೀಗಿದೆ. ನೀವು ವಿಡಿಯೊ ನೋಡಲೆಂದು ನಮಗೆ ದುಡ್ಡು ಕೊಟ್ಟು ಡೇಟಾ ಹಾಕಿಸಿಕೊಂಡಿರಿ. ಆಮೇಲೆ ನಿಜವಾಗಿಯೂ ನೋಡಿಬಿಟ್ಟಿರಿ. ಇದು ಅನ್ಯಾಯ. ಆದ್ದರಿಂದ ವಿಡಿಯೊ ಕಳಿಸಿದವರೂ ನಮಗೆ ದುಡ್ಡು ಕೊಡಬೇಕು. ದಟ್ಟಣೆ ಹುಟ್ಟುವುದು ಗ್ರಾಹಕರು ಕೇಳುವುದರಿಂದ, ಗ್ರಾಹಕರು ಆಗಲೇ ಹಣ ಕೊಟ್ಟಿದ್ದಾರೆ ಎಂದು ಐರೋಪ್ಯ ನಿಯಂತ್ರಕರ ಮಂಡಳಿ ಬೆರೆಕ್ ಹೇಳಿ ನೋಡಿತು. ದಕ್ಷಿಣ ಕೊರಿಯಾ ಮಾತ್ರ 2016ರಲ್ಲೇ ಕಳಿಸುವ ಜಾಲ ದುಡ್ಡು ಕೊಡುವ ನಿಯಮ ತಂದಿತ್ತು. 2024ರ ಫೆಬ್ರವರಿಯಲ್ಲಿ ನೇರಪ್ರಸಾರದ ವಿಡಿಯೊ ತಾಣ ಟ್ವಿಚ್ ಅಲ್ಲಿಂದ ಗಂಟುಮೂಟೆ ಕಟ್ಟಿತು. ಅಲ್ಲಿನ ನೆಟ್‌ವರ್ಕ್ ಖರ್ಚು ಬೇರೆ ಬಹುಪಾಲು ದೇಶಗಳಿಗಿಂತ ಹತ್ತು ಪಟ್ಟು ಎಂಬುದು ಅದರ ವಿವರಣೆ. ಕೊಳವೆ ಈಗ ನಿರಾಳವಾಗಿದೆ, ಹರಿಯುವುದಕ್ಕೆ ಒಬ್ಬರು ಕಡಿಮೆ.

ಕೊಳವೆಯ ಕೆಲಸ ಅಷ್ಟು ಕೀಳಾದರೆ ಅದನ್ನಾದರೂ ಎಡಗೈಯಲ್ಲಿ ಮಾಡಿ ಮುಗಿಸುತ್ತಾರೆ ಎಂದುಕೊಳ್ಳಬೇಡಿ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ನಡುಜಾಲ ಕುಸಿಯಿತು. ಅಪ್‌ಗ್ರೇಡ್ ನಡೆಯುತ್ತಿತ್ತು, ಅಂದರೆ ಭವಿಷ್ಯವನ್ನು ಒಳಗೆ ತರುತ್ತಿದ್ದರು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ. ಅಂಗಡಿಗಳಲ್ಲಿ ಕಾರ್ಡ್ ಓಡಲಿಲ್ಲ, ತುರ್ತು ಕರೆ ಹೋಗಲಿಲ್ಲ. ರಿಪೇರಿ ಮಾಡಬೇಕಾದ ಎಂಜಿನಿಯರುಗಳ ಉಸ್ತುವಾರಿ ಜಾಲವೂ ಅದೇ ಕುಸಿದ ಜಾಲದ ಮೇಲೇ ಕೂತಿತ್ತು. ಅವರ ಫೋನುಗಳಲ್ಲಿ ಸ್ವಾಮಿನಿಷ್ಠೆಯಿಂದ ಸ್ವಂತ ಕಂಪನಿಯ ಸಿಮ್ಮೇ ಇತ್ತು. ಕಾರಣ ಪತ್ತೆಯಾಗಲು ಹದಿನಾಲ್ಕು ಗಂಟೆ ಹಿಡಿಯಿತು. ಕೊನೆಗೆ ದೂರದ ಕೇಂದ್ರಗಳಿಗೆ ಬೇರೆ ಕಂಪನಿಗಳ ಸಿಮ್ ಕಳಿಸಿಕೊಡಬೇಕಾಯಿತು. ಸಿಮ್ ಹೋದದ್ದು ಮನುಷ್ಯರ ಕೈಯಲ್ಲಿ, ರಸ್ತೆಯ ಮೇಲೆ. ವಿಳಂಬ ಎಷ್ಟು ಮಿಲಿಸೆಕೆಂಡ್ ಎಂದು ಯಾರೂ ಪ್ರದರ್ಶನ ಇಡಲಿಲ್ಲ.

ನಿಜವಾಗಿಯೂ ಬಂದು ನಿಂತಿರುವ ಭವಿಷ್ಯವೂ ಒಂದಿದೆ. ಇಂಟರ್ನೆಟ್ಟಿನ ಹಳೆಯ ವಿಳಾಸಗಳು, ಅಂದರೆ ಐಪಿವಿ4, ಒಟ್ಟು ಸುಮಾರು 430 ಕೋಟಿ. ಇದು ಸಾಲದೆಂದು ಗೊತ್ತಾಗಿ ಎಂಜಿನಿಯರುಗಳು 1998ರಲ್ಲೇ ಹೊಸ ಪದ್ಧತಿಯನ್ನು ಬರೆದಿಟ್ಟರು. ಹೊಸದರ ವಿಳಾಸಗಳು ಒಟ್ಟು ಎಷ್ಟು ಎಂದು ಬರೆಯಲು 39 ಅಂಕಿ ಬೇಕು. ಹಳೆಯ ವಿಳಾಸಗಳ ಕೇಂದ್ರ ಉಗ್ರಾಣ 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ಉದ್ಯಮ ಆಗೇನು ಮಾಡಿತು? ಒಂದೇ ಹಳೆಯ ವಿಳಾಸದ ಹಿಂದೆ ಸಾವಿರಾರು ಗ್ರಾಹಕರನ್ನು ಒತ್ತೊತ್ತಾಗಿ ಕೂರಿಸಿತು. ಅದೇ ವರ್ಷ, ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯ 6,66,624 ಹಳೆಯ ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಭವಿಷ್ಯದ ಯಂತ್ರಗಳನ್ನು ಮಾರಿ ಮುಳುಗಿದ ಕಂಪನಿಯಲ್ಲಿ, ಪುಕ್ಕಟೆ ಸಿಕ್ಕಿದ್ದ ಹಳೆಯ ನಂಬರುಗಳಿಗೆ ಗಿರಾಕಿ!

ಹೊಸ ಪದ್ಧತಿ ಕಾಲು ಶತಮಾನ ದಾಟಿ, ಇನ್ನೂ ಅರ್ಧ ದಾರಿಯ ಆಸುಪಾಸಿನಲ್ಲಿ ತೆವಳುತ್ತಿದೆ. ಅದಕ್ಕೆ ಜಾಹೀರಾತಿಲ್ಲ, ಹರಾಜಿಲ್ಲ, ವೈದ್ಯರಿಲ್ಲ. ಫೋನಿನ ಮೂಲೆಯಲ್ಲಿ ಅದರ ಗುರುತು ಮೂಡುವುದಿಲ್ಲ, ಅದಿದೆ ಎಂದು ಯಾರೂ ನಿಮ್ಮಿಂದ ಹೆಚ್ಚಿಗೆ ವಸೂಲಿ ಮಾಡಲಾರರು. ಹೆಸರು ಐಪಿವಿ6. ಆರು ಆಗಲೇ ಇದೆ, ಹಿಂದೆ ಒಂದು ‘ಜಿ’ ಅಂಟಿಸಿದ್ದರೆ ಇಷ್ಟರಲ್ಲಿ ಮನೆಮನೆಗೂ ತಲುಪಿರುತ್ತಿತ್ತು.